ನೆಟ್ ಹೋತು, ಆದರೆ ಎಲ್ಲಿಂದ?

‘ಬಂದ್ ಮಾಡಿ ಚಾಲೂ ಮಾಡ್ರಿ.’ ನೆಟ್ ಹೋಯಿತೆಂದು ಯಾರಿಗೆ ಹೇಳಿದರೂ ಮೊದಲು ಸಿಗುವ ಉತ್ತರ ಇದೇ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಾದರೇನು, ಬೆಂಗಳೂರಾದರೇನು, ಈ ಮದ್ದು ಬದಲಾಗಿಲ್ಲ. ಅದು ಕೆಲಸವನ್ನೂ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ನೆಟ್ ಮರಳುತ್ತದೆ, ಹೋದದ್ದೇಕೆಂದು ತಿಳಿಯುವುದಿಲ್ಲ. ಮರುದಿನ ಮತ್ತದೇ ಹಾಡು.

ಸ್ವಿಚ್ಚಿಗೆ ಕೈ ಹಾಕುವ ಮುನ್ನ ರೂಟರ್ ಡಬ್ಬಿಯ ದೀಪ ನೋಡಬೇಕು. ‘ಪಿಒಎನ್’ ಹಸಿರಾಗಿ ನಿಂತಿದ್ದರೆ ಫೈಬರಿನ ಬೆಳಕು ಮನೆ ಮುಟ್ಟುತ್ತಿದೆ. ‘ಎಲ್‌ಒಎಸ್’ ಕೆಂಪಗೆ ಮಿನುಗಿದರೆ ಮುಟ್ಟುತ್ತಿಲ್ಲ. 2011ರಲ್ಲಿ ಕೇಂದ್ರ ಒಪ್ಪಿದ, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಫೈಬರನ್ನು ಗ್ರಾಮ ಪಂಚಾಯ್ತಿಯವರೆಗೆ ಒಯ್ಯುವ ಲೆಕ್ಕದ್ದು. ಮನೆಗೆ ಬರುವ ಎಳೆ ಮಾತ್ರ ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಜೋತುಕೊಂಡೇ ಬರಬೇಕು. ಕಬ್ಬು ಹೇರಿದ ಟ್ರ್ಯಾಕ್ಟರ್ ಅದನ್ನು ಎಳೆದಿರಬಹುದು, ಮಂಗ ಜೋಕಾಲಿ ಆಡಿರಬಹುದು, ಮನೆಯವರೇ ಬಾಗಿಲ ಸಂದಿಯಲ್ಲಿ ಮಡಚಿ ಸಿಕ್ಕಿಸಿರಬಹುದು. ಒಳಗಿರುವುದು ಕೂದಲೆಳೆಯಷ್ಟು ಗಾಜು. ಮುರಿಯದಿದ್ದರೂ ಚೂಪಾಗಿ ಬಾಗಿದಲ್ಲಿ ಬೆಳಕು ಸೋರುತ್ತದೆ. ಆಗ ಲೈನ್‌ಮನ್ನನೇ ಬರಬೇಕು. ಅವನು ಮೀಟರ್ ಹಚ್ಚಿದಾಗ ಬೆಳಕಿನ ಬಲದ ಅಂಕಿ ಕೇಳಿಕೊಳ್ಳಿ: ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ, ಮೈನಸ್ 27ಕ್ಕಿಂತ ಕೆಳಗಿಳಿದರೆ ಡಬ್ಬಿ ತಡವರಿಸುತ್ತದೆ. ಬಿಚ್ಚಿದ ಕೇಬಲ್ಲಿನ ತುದಿಗೆ ಕಣ್ಣಿಡಬೇಡಿ. ಕಾಣದಿದ್ದರೂ ಅದು ಲೇಸರ್.

ಎಲ್ಲ ದೀಪಗಳೂ ಒಮ್ಮೆಲೇ ಆರಿ ಮತ್ತೆ ಹತ್ತಿದರೆ ಮಾತು ಬೇರೆ. ಹಳ್ಳಿಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಡಬ್ಬಿಗೆ ಕರೆಂಟ್ ಕೊಡುವ ಕರಿ ಅಡಾಪ್ಟರ್ ಮೇಲೆ. ಬಹಳಷ್ಟು ಡಬ್ಬಿಗಳು 12 ವೋಲ್ಟಿನವು. ಹಗಲಿರುಳು ಬಿಸಿಯಾಗಿಯೇ ಇರುವ ಅಡಾಪ್ಟರಿನ ಕೆಪಾಸಿಟರ್ ವರ್ಷಗಳುರುಳಿದಂತೆ ಒಣಗುತ್ತದೆ. ಪಿನ್ನಿಗೆ ಮೀಟರ್ ಹಿಡಿದರೆ 12 ಎಂದೇ ತೋರಿಸೀತು, ಅದನ್ನು ನಂಬಿ ಕೂರಬೇಡಿ. ಹೊರೆ ಬಿದ್ದಾಗಲೇ ಅದರ ಬಂಡವಾಳ ತಿಳಿಯುವುದು. ತ್ರೀಫೇಸ್ ಬಂದು ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ಬಲ್ಬು ಮಂಕಾಗುತ್ತದಲ್ಲ, ಸರಿಯಾಗಿ ಅದೇ ಹೊತ್ತಿಗೆ ನೆಟ್ಟೂ ಹೋಗುತ್ತಿದ್ದರೆ ಫೈಬರನ್ನು ಬಯ್ದು ಫಲವಿಲ್ಲ. ಅಷ್ಟೇ ವೋಲ್ಟಿನ, ಆಂಪಿಯರ್ ಅಷ್ಟೇ ಅಥವಾ ತುಸು ಹೆಚ್ಚಿರುವ, ಪಿನ್ನಿನ ಪ್ಲಸ್–ಮೈನಸ್ ಹೊಂದುವ ಬೇರೆ ಅಡಾಪ್ಟರ್ ಹಾಕಿ ನೋಡಿ. ವೋಲ್ಟೇಜಿನ ಏರಿಳಿತವೇ ಕಾರಣವಾದರೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು.

ದೀಪಗಳೆಲ್ಲ ಸರಿ, ಒಳಕೋಣೆಯಲ್ಲಿ ಮಾತ್ರ ವಿಡಿಯೊ ಸುತ್ತುತ್ತಲೇ ಇದೆಯೇ? ಫೋನ್ ಹಿಡಿದು ಡಬ್ಬಿಯ ಎದುರಿಗೇ ನಿಂತು ನೋಡಿ. ಅಲ್ಲಿ ಸಲೀಸಾಗಿ ಓಡಿದರೆ ಅಪರಾಧಿ ಗೋಡೆ. ಹಳೆಯ ಮಾಳಿಗೆ ಮನೆಯ ದಪ್ಪ ಕಲ್ಲು–ಮಣ್ಣಿನ ಗೋಡೆ ಬೇಸಿಗೆಯ ಬಿಸಿಲನ್ನು ತಡೆಯುವಂತೆ ವೈಫೈಯನ್ನೂ ತಡೆಯುತ್ತದೆ. 5 ಗಿಗಾಹರ್ಟ್ಸ್ ಒಂದು ಗೋಡೆಗೇ ಸೋಲುತ್ತದೆ, 2.4 ನಿಧಾನ, ಆದರೆ ಇನ್ನಷ್ಟು ದೂರ ತಲುಪುತ್ತದೆ. ಇಷ್ಟೆಲ್ಲ ಇದ್ದೂ ನಾವು ಡಬ್ಬಿ ಇಡುವುದು ದೇವರ ಜಗಲಿ ಪಕ್ಕದ ಗೋಡೆಗೂಡಿನಲ್ಲಿ, ಕಬ್ಬಿಣದ ತಿಜೋರಿಯ ಮಗ್ಗುಲಿಗೆ! ಪಡಸಾಲೆಯ ನಡುಗಂಬಕ್ಕೆ, ತಲೆಗಿಂತ ಎತ್ತರಕ್ಕೆ ಹೊಡೆದರೆ ಅರ್ಧ ತಕರಾರು ತೀರುತ್ತದೆ. ಅದಕ್ಕೆ ಕೇಬಲ್ ಹತ್ತಡಿ ಉದ್ದ ಬೇಕು. ಕನೆಕ್ಷನ್ ಕೊಡುವ ದಿನ ಕೇಳಿದರೆ ಲೈನ್‌ಮನ್ ನಗುತ್ತಲೇ ಬಿಡುತ್ತಾನೆ, ಆಮೇಲೆ ಕೇಳಿದರೆ ‘ನಾಳೆ ಬರ್ತೀನ್ರಿ’ ಅನ್ನುತ್ತಾನೆ.