ಬಟ್ಟಲಿನೊಳಗಿನ ದಥಗಿರಿ

ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಬರ್ಮಾ ಎಂದರೆ ಟೀಕು. ಮನೆಯ ಹಿರಿಯರು ಬಾಗಿಲು ತಟ್ಟಿ ‘ಇದು ಬರ್ಮಾ ಟೀಕು ಕಣಯ್ಯ’ ಎನ್ನುವಾಗ ದನಿಯೇ ಬೇರೆ. ಅದೇ ನಾಡಿನ ಬೆಳ್ಳಿಯ ಮಾತು ಮಾತ್ರ ಇಲ್ಲಿ ಅಪರೂಪ. ಹಾಗೆ ನೋಡಿದರೆ ಇಡೀ ಬರ್ಮಾ 1886ರಿಂದ 1937ರವರೆಗೆ ಬ್ರಿಟಿಷ್ ಇಂಡಿಯಾದೊಳಗೇ ಇತ್ತು. ಹಾಗಾಗಿ 1902–03ರ ದೆಹಲಿ ವಸ್ತುಪ್ರದರ್ಶನದಲ್ಲಿ ರಂಗೂನಿನ ಮೌಂಗ್ ಯಿನ್ ಮೌಂಗ್ ಅವರ ಬೆಳ್ಳಿ ಕೆಲಸ ಭಾರತದ ಕಲೆಯಾಗಿಯೇ ಮೆರೆಯಿತು.

ಬರ್ಮಾ ಬೆಳ್ಳಿಯಲ್ಲಿ ಹೆಸರಾದದ್ದು ದುಂಡು ಬಟ್ಟಲು. ಆಕಾರ ಬೌದ್ಧ ಭಿಕ್ಷುವಿನ ಭಿಕ್ಷಾಪಾತ್ರೆಯದು. ತಮಾಷೆಯೆಂದರೆ, ಭಿಕ್ಷುಗಳ ನಡತೆಯ ‘ವಿನಯ’ ನಿಯಮದ ಪ್ರಕಾರ ಭಿಕ್ಷುವಿಗೆ ಬೆಳ್ಳಿಯ ಪಾತ್ರೆ ನಿಷಿದ್ಧ. ಕಬ್ಬಿಣ ಇಲ್ಲವೇ ಮಣ್ಣಿನದೇ ಆಗಬೇಕು. ಬ್ರಿಟಿಷ್ ದೊರೆಗಳ ಮನೆಯಲ್ಲಿ ಈ ಬೆಳ್ಳಿ ಬಟ್ಟಲು ಗುಲಾಬಿ ಇಡುವ ಬೋಗುಣಿಯಾಯಿತು.

ದೇವರ ಬೆಳ್ಳಿ ಕವಚ ಮಾಡುವುದನ್ನು ನೋಡಿದವರಿಗೆ ಕೆಲಸದ ರೀತಿ ಹೊಸದಲ್ಲ. ಬೆಳ್ಳಿಯನ್ನು ಬಡಿದು ಬಟ್ಟಲಾಗಿಸಿ, ಒಳಗೆ ಕರಗಿಸಿದ ರಾಳ ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಉಳಿಗಳಿಂದ ಹೊರಗಿನ ಚಿತ್ರ ತಿದ್ದುವುದು. ಕಾಯಿಸಿ ರಾಳ ತೆಗೆದು, ಒಳಗಿನಿಂದ ಉಬ್ಬಿಸಿ, ಮತ್ತೆ ತುಂಬುವುದು. ಬರ್ಮಾದವರ ಉಬ್ಬು ಎಷ್ಟು ಎತ್ತರವೆಂದರೆ, ಕೆಲವು ಬಟ್ಟಲುಗಳಲ್ಲಿ ಆನೆಯ ಸೊಂಡಿಲು ಗೋಡೆ ಬಿಟ್ಟು ಹೊರಬಂದಂತಿರುತ್ತದೆ.

ಬಟ್ಟಲಿನ ಸುತ್ತಲೂ ಬುದ್ಧನ ಜಾತಕ ಕತೆಗಳು, ಜೊತೆಗೆ ರಾಮಾಯಣ. 1767ರಲ್ಲಿ ಥಾಯ್ ರಾಜಧಾನಿ ಅಯುತ್ಥಯ ಗೆದ್ದ ಬರ್ಮಾ ಸೈನ್ಯ ಅಲ್ಲಿನ ಕಲಾವಿದರನ್ನೂ ಸೆರೆಹಿಡಿದು ತಂದಿತು. ರಾಮನಾಟಕ ಆಸ್ಥಾನದಲ್ಲಿ ಬೇರೂರಿದ್ದು ಆಮೇಲೆ. ಬರ್ಮಾದವರ ನಾಲಿಗೆಯಲ್ಲಿ ರಾಮ ‘ಯಾಮ’, ಸೀತೆ ‘ಥೀದಾ’, ದಶಗ್ರೀವ ‘ದಥಗಿರಿ’. ನಮ್ಮ ಯಕ್ಷಗಾನದ ಕಿರೀಟ ಕಂಡವರಿಗೆ ಬಟ್ಟಲಿನ ಮೇಲಿನ ಇವರ ಪುಟ್ಟ ಕಿರೀಟಗಳು ದಾಯಾದಿಗಳೆನಿಸುತ್ತವೆ.

ಮಾಡಿದವರ ಹೆಸರು ಸಿಗುವುದು ವಿರಳ. ಬಹಳಷ್ಟರಲ್ಲಿ ಮುದ್ರೆಯೇ ಇಲ್ಲ. ಕೆಲವುಗಳ ತಳದಲ್ಲಿ ನವಿಲೋ ಆನೆಯೋ ಕೆತ್ತಿರುತ್ತದೆ, ಅಷ್ಟೆ. ಹೆಚ್. ಎಲ್. ಟಿಲ್ಲಿ ಎಂಬವರು 1902ರಲ್ಲಿ ಈ ಕೆಲಸದ ಬಗ್ಗೆ ಪುಸ್ತಕ ಬರೆದರು. ಕೊಳ್ಳುವವರು ಮಾತ್ರ ಪುಸ್ತಕಕ್ಕಿಂತ ಬೆರಳನ್ನು ನಂಬುವುದು ವಾಸಿ.

ನಿಮ್ಮ ಮನೆಯಲ್ಲಿ ಇಂಥದ್ದೊಂದು ಇದ್ದರೆ, ಹಬ್ಬದ ಹಿಂದಿನ ದಿನ ಸಬೀನಾ ಹಾಕಿ ತಿಕ್ಕಬೇಡಿ. ಸಂದಿಯ ಕಪ್ಪೇ ಚಿತ್ರದ ನೆರಳು. ತಿಕ್ಕಿದರೆ ಮೊದಲು ಸವೆಯುವುದು ಥೀದಾಳ ಮೂಗು. ಬದಲಿಗೆ ಬಟ್ಟಲಿನೊಳಗೆ ಕೈಯಿಟ್ಟು ಸವರಿ. ಒಳಗೆ ಬೇರೆ ಅಸ್ತರಿ ಇಲ್ಲದಿದ್ದರೆ, ಹೊರಗೆ ಎದೆಯುಬ್ಬಿಸಿ ನಿಂತ ದಥಗಿರಿ ಒಳಗಡೆ ಬೆರಳಿಗೆ ಒಂದು ಗುಳಿಯಾಗಿ ಸಿಗುತ್ತಾನೆ.