ಉಪ್ಪರಿಗೆ ಇದ್ದ ವಿಮಾನ

ಒಂದೊಂದು ಕಿಟಕಿಗೂ ಒಂದೊಂದು ಕೆಂಪು ಕಮಾನು. ರಾಜಸ್ಥಾನದ ಅರಮನೆಗಳಲ್ಲಿ ರಾಣಿವಾಸದವರು ಬೀದಿ ನೋಡಲು ಬಂದು ನಿಲ್ಲುತ್ತಿದ್ದ ಝರೋಖಾ ಇದೆಯಲ್ಲ, ಅದರದೇ ಮಾದರಿ. ಮೂಗಿನ ಹತ್ತಿರದಿಂದ ಬಾಲದವರೆಗೂ ಈ ಕಮಾನುಗಳ ಸಾಲು. ಮುಂದೆ ಗೂನಿನಂತೆ ಉಬ್ಬಿದ ಮೇಲ್ಮಹಡಿಯಲ್ಲಿ ಇನ್ನೊಂದು ಪುಟ್ಟ ಸಾಲು. 'ಆಕಾಶದಲ್ಲಿ ನಿಮ್ಮ ಅರಮನೆ' ಎಂದು ಇಂಗ್ಲಿಷಿನಲ್ಲಿ ಒಂದು ಬರಹ. ಏರ್ ಇಂಡಿಯಾದ ಬೋಯಿಂಗ್ 747 ಸಾಂತಾಕ್ರೂಜಿನ ರನ್‌ವೇ ಮೇಲೆ ಬಂದು ನಿಂತರೆ ಪಕ್ಕದ ವಿಮಾನಗಳೆಲ್ಲ ಅದರ ಮರಿಗಳ ಹಾಗೆ ಕಾಣುತ್ತಿದ್ದವು. ಜಂಬೋ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

1971ರಲ್ಲಿ ಬಂದ ಮೊದಲನೆಯದಕ್ಕೆ 'ಎಂಪರರ್ ಅಶೋಕ' ಎಂದು ಹೆಸರಿಟ್ಟರು. ಆಮೇಲೆ ಬಂದವಕ್ಕೂ ಚಕ್ರವರ್ತಿಗಳ ಹೆಸರೇ: ಷಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಕನಿಷ್ಕ. ನಮ್ಮ ಕೃಷ್ಣದೇವರಾಯನ ಹೆಸರಿನದೂ ಒಂದಿತ್ತು. ಹರ್ಷವರ್ಧನನಿಗೊಂದು ಜಂಬೋ, ಪಲ್ಲವರ ಮಹೇಂದ್ರವರ್ಮನಿಗೊಂದು ಜಂಬೋ. ಈ ಇಬ್ಬರನ್ನೂ ಸೋಲಿಸಿದ ಇಮ್ಮಡಿ ಪುಲಕೇಶಿಗೆ ಮಾತ್ರ ಒಂದೂ ಸಿಗಲಿಲ್ಲ. ಈ ಅನ್ಯಾಯವನ್ನು ಯಾವ ಕನ್ನಡಪರ ಸಂಘಟನೆಯೂ ಗಮನಿಸಿದಂತಿಲ್ಲ.

ಹೊರಗಿನ ವೇಷ ಇಷ್ಟು ರಾಜಠೀವಿಯದಾದರೂ ಒಳಗಿನ ಸಂಸಾರ ಬೇರೆಯೇ. ಅದು ಜಾತ್ರೆಯ ಹೊತ್ತಿನ ಛತ್ರ. ನಾನು ಆ ವಿಮಾನವನ್ನು ಪ್ರೀತಿಸಿದ್ದೂ ಅದಕ್ಕೇ.

1980ರ ದಶಕದ ಕೊನೆಯ ವರ್ಷಗಳ ಸಹಾರ್ ಟರ್ಮಿನಲ್ ನೆನಪಿಗೆ ಬರುತ್ತದೆ. ನಡುರಾತ್ರಿ ದಾಟಿದ ಮೇಲೆ ಅಲ್ಲಿ ಹಗಲು ಶುರುವಾಗುತ್ತಿತ್ತು. ನೈಲಾನ್ ಹಗ್ಗದಿಂದ ಅಡ್ಡಡ್ಡ ಉದ್ದುದ್ದ ಬಿಗಿದ ರಟ್ಟಿನ ಪೆಟ್ಟಿಗೆಗಳು. ಅವುಗಳ ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ ಬರೆದ ಹೆಸರು, ಊರು, ಪೋಸ್ಟ್, ತಾಲ್ಲೂಕು. ಬೀಳ್ಕೊಡಲು ಬಂದ ಮಂದಿ ಗಾಜಿನ ಆಚೆ ನಿಂತು ಕೈಬೀಸುತ್ತಲೇ ಇರುತ್ತಿದ್ದರು, ಕಾಣದಿದ್ದರೂ. ಬಜ್ಪೆಯಿಂದ ನೇರ ಕೊಲ್ಲಿ ದೇಶಗಳಿಗೆ ವಿಮಾನ ಸಿಕ್ಕಿದ್ದು 2006ರಲ್ಲಿ. ಅಲ್ಲಿಯವರೆಗೆ ಉಡುಪಿ, ಕುಂದಾಪುರ, ಭಟ್ಕಳದ ಬಹುಪಾಲು ಜನರಿಗೆ ಪರದೇಶದ ಹೆಬ್ಬಾಗಿಲು ಅಂದರೆ ಬೊಂಬಾಯಿಯೇ. ದುಬೈಗೆ ಹೋಗುವಾಗ ನನ್ನ ಪಕ್ಕದಲ್ಲಿ ಕೂತವರು ಕಾಪು ಕಡೆಯವರು, ಅಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಬೆಲ್ಟು ಹಾಕಿಕೊಳ್ಳುವ ಬಗೆ ನನಗೆ ತೋರಿಸಿಕೊಟ್ಟವರೂ ಅವರೇ.

"ಊರಿಂದ ಬೊಂಬಾಯಿಗೆ ಬಸ್ಸಲ್ಲಿ ಒಂದು ಹಗಲು ಒಂದು ರಾತ್ರಿ ಸರ್. ಇಲ್ಲಿಂದ ದುಬೈಗೆ ಮೂರು ತಾಸು. ಈಗ ಯಾವುದು ದೂರ, ನೀವೇ ಹೇಳಿ" ಎಂದು ನಕ್ಕರು. ಆಮೇಲೆ ಮುಂದಿನ ಮೆಟ್ಟಿಲ ಕಡೆ ಬೆರಳು ಮಾಡಿ, "ಎಷ್ಟು ಸಲ ಹೋದರೂ ಅಲ್ಲಿ ಹತ್ತಲಿಕ್ಕೆ ಬಿಡ್ಲಿಲ್ಲ ಮಾರಾಯ್ರೆ. ಮೇಲೆ ಯಾರ ಮನೆ ಉಂಟೋ ಏನೋ!"

ಆ ಮೆಟ್ಟಿಲು ಸುರುಳಿಯಾಗಿತ್ತು. ಹಳೆಯ 747ಗಳಲ್ಲಿ ಹಾಗೆಯೇ. ಮುಂದೆ ಬಂದ 300, 400 ಮಾದರಿಗಳಲ್ಲಿ ಅದು ನೇರವಾಯಿತು, ಚಂದ ಕೆಟ್ಟಿತು. ಶುರುವಿನ ವರ್ಷಗಳಲ್ಲಿ ಮೇಲೆ ಯಾರ ಸೀಟೂ ಇರಲಿಲ್ಲ, ಮೊದಲ ದರ್ಜೆಯವರು ಹರಟೆ ಹೊಡೆಯಲು ಒಂದು ಲೌಂಜ್ ಇತ್ತು. ಸೋಫಾ, ಪಾನೀಯ, ಸೀರೆಯುಟ್ಟ ಗಗನಸಖಿಯರು. ಟಿಕೆಟಿನ ದುಡ್ಡಿನ ಲೆಕ್ಕ ಬಿಗಿಯಾಗುತ್ತ ಬಂದ ಹಾಗೆ ಲೌಂಜ್ ಹೋಗಿ ಕುರ್ಚಿಗಳು ಬಂದವು.

ಮಜಾ ಎಂದರೆ ಆ ಉಪ್ಪರಿಗೆ ಪ್ರಯಾಣಿಕರಿಗಾಗಿ ಹುಟ್ಟಿದ್ದೇ ಅಲ್ಲ. 1960ರ ದಶಕದಲ್ಲಿ ಪ್ಯಾನ್ ಆಮ್ ಕಂಪನಿಯ ಹ್ವಾನ್ ಟ್ರಿಪ್ ಭಾರೀ ವಿಮಾನವೊಂದು ಬೇಕೆಂದು ಬೋಯಿಂಗಿನ ಬೆನ್ನು ಹತ್ತಿದಾಗ, ಮುಂದಿನ ಕಾಲವೆಲ್ಲ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳದ್ದು ಎಂದೇ ಎಲ್ಲರೂ ನಂಬಿದ್ದರು. ಅವು ಬಂದ ಮೇಲೆ ಜಂಬೋಗೆ ಸಾಮಾನು ಹೊರುವ ಕೆಲಸವೇ ಗತಿ. ಹಾಗಾದರೆ ಮೂಗನ್ನೇ ಬಾಗಿಲಿನಂತೆ ಮೇಲಕ್ಕೆತ್ತಿ ನೇರವಾಗಿ ಸರಕು ತುಂಬುವಂತಿರಬೇಕು. ಅದಕ್ಕೆ ಕಾಕ್‌ಪಿಟ್ ಅಡ್ಡ ಬರಬಾರದು. ಮುಖ್ಯ ವಿನ್ಯಾಸಕ ಜೋ ಸಟರ್ ಮತ್ತವರ ತಂಡ ಕಾಕ್‌ಪಿಟ್ಟನ್ನು ಎತ್ತಿ ಮೇಲಿಟ್ಟರು. ಗಾಳಿ ಸಲೀಸಾಗಿ ಜಾರಲೆಂದು ಅದರ ಹಿಂದಿನ ಭಾಗವನ್ನು ಇಳಿಜಾರಾಗಿ ಎಳೆದರು. ಆ ಇಳಿಜಾರಿನೊಳಗೆ ಉಳಿದ ಜಾಗವೇ ಉಪ್ಪರಿಗೆ. ಶಬ್ದವನ್ನು ಹಿಂದೆ ಹಾಕಿದ ಕಾನ್‌ಕಾರ್ಡ್ 2003ರಲ್ಲೇ ಮನೆ ಸೇರಿತು. ಸಾಮಾನಿನ ಗಾಡಿಯಾಗಬೇಕಿದ್ದ ಜಂಬೋ ಜನರನ್ನು ಹೊರುತ್ತಲೇ ಇತ್ತು.

ಪೈಲಟ್‌ಗಳಿಗೂ ಈ ಎತ್ತರ ಹೊಸದು. ನೆಲದ ಮೇಲೆ ಚಲಿಸುವಾಗಲೇ ಮೂರನೇ ಮಹಡಿಯಲ್ಲಿ ಕೂತು ಗಾಡಿ ಓಡಿಸಿದ ಹಾಗೆ. ಚಕ್ರಗಳೋ ಹಿಂದೆಲ್ಲೋ, ಕೆಳಗೆಲ್ಲೋ. ಅದಕ್ಕೆ ಬೋಯಿಂಗಿನವರು ಒಂದು ಲಾರಿಯ ಮೇಲೆ ಮರಗಾಲಿನಂತೆ ಎತ್ತರದ ಚೌಕಟ್ಟು ನಿಲ್ಲಿಸಿ, ತುದಿಯಲ್ಲಿ ನಕಲಿ ಕಾಕ್‌ಪಿಟ್ ಕೂರಿಸಿ, ಅದರಲ್ಲಿ ಪೈಲಟ್‌ಗಳನ್ನು ಓಡಾಡಿಸಿ ಅಭ್ಯಾಸ ಮಾಡಿಸಿದರು. 1969ರ ಫೆಬ್ರವರಿ 9ರಂದು ಮೊದಲ ಸಲ ಜಂಬೋವನ್ನು ಹಾರಿಸಿದ ಜ್ಯಾಕ್ ವಾಡೆಲ್ ಅವರ ಹೆಸರನ್ನೇ ಆ ವಿಚಿತ್ರ ಗಾಡಿಗೆ ಅಂಟಿಸಿದ್ದರು. ವರ್ಷ ತುಂಬುವಷ್ಟರಲ್ಲಿ, 1970ರ ಜನವರಿಯಲ್ಲಿ, ನ್ಯೂಯಾರ್ಕಿನಿಂದ ಲಂಡನ್ನಿಗೆ ಪ್ಯಾನ್ ಆಮ್ ಮೊದಲ ಪ್ರಯಾಣಿಕರನ್ನು ಕರೆದೊಯ್ದಿತು. ಆ ರಾತ್ರಿ ಒಂದು ಎಂಜಿನ್ ಬಿಸಿಯೇರಿ, ಗಂಟೆಗಟ್ಟಲೆ ತಡವಾಗಿ, ಕೊನೆಗೆ ಬೇರೊಂದು ಜಂಬೋ ತಂದು ಹೊರಡಿಸಬೇಕಾಯಿತು.

ಹಾರುವ ಗಳಿಗೆಯನ್ನು ಹೇಳದಿದ್ದರೆ ಜಂಬೋ ಬಗ್ಗೆ ಹೇಳಿದ್ದೆಲ್ಲ ಅರ್ಧ. ಲಂಡನ್ನಿಗೆ ಹೊರಟ ವಿಮಾನದ ಹೊಟ್ಟೆ ತುಂಬ ಇಂಧನ, ಮೂರು–ನಾಲ್ಕು–ಮೂರರ ಸಾಲುಗಳಲ್ಲಿ ಒಂದು ಸೀಟೂ ಖಾಲಿಯಿಲ್ಲ. ನಾಲ್ಕು ಎಂಜಿನ್‌ಗಳು ಗುಡುಗಲು ಶುರು ಮಾಡುತ್ತವೆ. ಚಿಕ್ಕ ವಿಮಾನದಂತೆ ಬೆನ್ನಿಗೆ ಗುದ್ದಿದ ಅನುಭವ ಇಲ್ಲ; ಯೋಚಿಸಿ, ಒಪ್ಪಿ, ಆಮೇಲೆ ಹೊರಟಂತೆ. ಓಡುತ್ತದೆ, ಓಡುತ್ತದೆ, ಹದಿನೆಂಟು ಚಕ್ರಗಳೂ ರನ್‌ವೇಯ ಒಂದೊಂದು ಏರುತಗ್ಗನ್ನೂ ಕಾಲಿಗೆ ತಿಳಿಸುತ್ತವೆ. ತಲೆಯ ಮೇಲಿನ ಸಾಮಾನಿನ ಪೆಟ್ಟಿಗೆಗಳು ಗಡಗಡ ಎನ್ನುತ್ತವೆ. ಎಲ್ಲೋ ಒಂದು ಮಗು ಅಳು ನಿಲ್ಲಿಸುತ್ತದೆ. ಇನ್ನು ರನ್‌ವೇ ಮುಗಿಯಿತು ಅನ್ನುವಾಗ ಮೂಗು ನಿಧಾನಕ್ಕೆ ಏಳುತ್ತದೆ, ಅಷ್ಟು ಹೊತ್ತೂ ಜೋತುಕೊಂಡಿದ್ದ ರೆಕ್ಕೆಯ ತುದಿ ಮೇಲಕ್ಕೆ ಬಾಗಿ ಭಾರ ಹೊತ್ತುಕೊಳ್ಳುತ್ತದೆ. "ಗೋವಿಂದಾ" ಎಂದು ಹಿಂದಿನ ಸಾಲಿನಿಂದ ಒಂದು ದನಿ. ಆ ಗಳಿಗೆಯಲ್ಲಿ ಆಸ್ತಿಕರಲ್ಲದವರೂ ಸುಮ್ಮನಿರುತ್ತಿದ್ದರು.

ಮೇಲೆ ಹೋದ ಮೇಲೆ ಛತ್ರದ ದಿನಚರಿ. ಬಾಲದ ಕಡೆ ಸಿಗರೇಟಿನವರಿಗೆ ಪ್ರತ್ಯೇಕ ಸಾಲುಗಳು. ಹೊಗೆಗೆ ಮಾತ್ರ ಆ ಗಡಿ ತಿಳಿದಿರಲಿಲ್ಲ. ಸಿನಿಮಾಕ್ಕೆ ಎಲ್ಲರಿಗೂ ಸೇರಿ ಮುಂದಿನ ಗೋಡೆಯ ಮೇಲೆ ಒಂದೇ ಪರದೆ. ಕಿವಿಗೆ ಕೊಡುತ್ತಿದ್ದದ್ದು ಡಾಕ್ಟರ ಸ್ಟೆತಸ್ಕೋಪಿನಂಥ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ತಂತಿಯೇ ಇಲ್ಲ, ಸೀಟಿನ ಕೈಯಲ್ಲಿದ್ದ ತೂತಿಗೆ ಸಿಕ್ಕಿಸಿದರೆ ಶಬ್ದ ಕೊಳವೆಯೊಳಗಿನ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಕೊಳವೆ ಸ್ವಲ್ಪ ಮಡಿಚಿಕೊಂಡರೂ ನಾಯಕ ಮೂಗನಾಗುತ್ತಿದ್ದ. ಎರಡು ಓಣಿಗಳಿದ್ದದ್ದರಿಂದ ನಡೆದಾಟಕ್ಕೆ ಬರವಿಲ್ಲ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಪ್ರದಕ್ಷಿಣೆ ಆಯಿತು. ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಹಾಗೆ ಸುತ್ತು ಹಾಕುತ್ತ, ಕನ್ನಡ ಮಾತು ಕೇಳಿದಲ್ಲೆಲ್ಲ ನಿಂತು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿ, ಚೀಲದಿಂದ ಕೋಡುಬಳೆ ತೆಗೆದು ಹಂಚಿದರು. ಊಟದ ತಟ್ಟೆಯಲ್ಲಿ ಏನಿತ್ತೋ ಮರೆತಿದೆ.

ಇಳಿಯುವಾಗ ರೆಕ್ಕೆಯ ಹಿಂದಿನ ಕಿಟಕಿ ಸಿಕ್ಕಿದವರೇ ಭಾಗ್ಯವಂತರು. ಇಡೀ ರಾತ್ರಿ ಒಂದೇ ಹಲಗೆಯಂತಿದ್ದ ರೆಕ್ಕೆ ಹಿಂಬದಿಯಲ್ಲಿ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಕುಂಯ್ಯೆನ್ನುವ ಸದ್ದಿನೊಡನೆ ಫ್ಲ್ಯಾಪ್‌ಗಳು ಹಂತಹಂತವಾಗಿ ಹೊರಗೆ ಜಾರಿ ಕೆಳಕ್ಕೆ ಬಾಗುತ್ತವೆ, ಒಂದರ ಹಿಂದೆ ಒಂದು ಮೂರು ಪದರ. ಪದರಗಳ ನಡುವಿನ ಸಂದಿಯಲ್ಲಿ ಕೆಳಗಿನ ಹೊಲ, ರಸ್ತೆ, ಹೆಂಚಿನ ಮನೆ ಸರಿದುಹೋಗುವುದು ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ರೆಕ್ಕೆಯೇ ಕಳಚಿಬಿತ್ತೆನಿಸಬೇಕು. ಅಷ್ಟು ದೊಡ್ಡ ದೇಹವನ್ನು ಅಷ್ಟು ನಿಧಾನವಾಗಿ ನೆಲಕ್ಕೆ ತರಲು ಅಷ್ಟೂ ರೆಕ್ಕೆ ಬೇಕಿತ್ತು.

ಪ್ರೀತಿಯ ಮಾತಿನ ನಡುವೆಯೂ ಹೇಳದೆ ಬಿಡಲಾಗದ ಎರಡು ಹೆಸರುಗಳಿವೆ. ಮೊದಲು ಬಂದ ಅಶೋಕ 1978ರ ಹೊಸವರ್ಷದ ದಿನ ಬೊಂಬಾಯಿಯಿಂದ ಹಾರಿದ ಕೆಲವೇ ನಿಮಿಷದಲ್ಲಿ ಬಾಂದ್ರಾದ ಆಚೆ ಸಮುದ್ರಕ್ಕೆ ಬಿದ್ದು 213 ಜನ ತೀರಿಕೊಂಡರು. 1985ರ ಜೂನ್ 23ರಂದು ಕನಿಷ್ಕ ಐರ್ಲೆಂಡಿನ ಕರಾವಳಿಯ ಬಳಿ ಬಾಂಬಿಗೆ ಸಿಡಿಯಿತು. ಅದರಲ್ಲಿದ್ದ 329 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಜಂಬೋವನ್ನು ಕೊನೆಗೆ ಕೊಂದದ್ದು ಲೆಕ್ಕಪುಸ್ತಕ. ಒಂದು ಕಾಲದಲ್ಲಿ ಮಹಾಸಾಗರ ದಾಟಲು ನಾಲ್ಕು ಎಂಜಿನ್ ಇದ್ದರೇ ಧೈರ್ಯ. 1980ರ ದಶಕದ ನಡುವಿನಿಂದ ನಿಯಮ ಸಡಿಲವಾಗಿ, ಎರಡೇ ಎಂಜಿನ್‌ನ ವಿಮಾನಗಳು ದೂರದ ನೀರಿನ ಮೇಲೂ ಹಾರತೊಡಗಿದವು. 777 ಬಂದ ಮೇಲೆ ಹೆಚ್ಚುಕಡಿಮೆ ಅಷ್ಟೇ ಜನರನ್ನು ಅರ್ಧ ಎಂಜಿನ್‌ಗಳಲ್ಲಿ ಒಯ್ಯಬಹುದಾಯಿತು. ಕೊರೊನಾ ಕಾಲದಲ್ಲಿ ಹಾರಾಟ ನಿಂತಾಗ ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್, ಕೆಎಲ್‌ಎಂಗಳೆಲ್ಲ 2020ರಲ್ಲೇ ಪ್ರಯಾಣಿಕರ ಜಂಬೋಗೆ ಕೈಮುಗಿದವು. 1,574 ಜಂಬೋಗಳನ್ನು ಕಟ್ಟಿದ ಬೋಯಿಂಗ್ ಕೊನೆಯದನ್ನು 2023ರ ಜನವರಿ 31ರಂದು ಒಪ್ಪಿಸಿತು, ಅದೂ ಸಾಮಾನು ಸಾಗಿಸುವ ಕಂಪನಿಗೆ. ಟ್ರಿಪ್ ಮತ್ತು ಸಟರ್ ಊಹಿಸಿದ್ದು ಅರ್ಧ ಶತಮಾನ ತಡವಾಗಿ ನಿಜವಾಯಿತು ಅನ್ನಿ.

ನಮ್ಮ ಜಂಬೋಗಳು ಹೋಗುವ ಮುನ್ನ ಒಂದು ದೊಡ್ಡ ಕೆಲಸ ಮಾಡಿದವು. 2020ರ ಜನವರಿ ಕೊನೆಯಲ್ಲಿ ವುಹಾನ್ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಅಲ್ಲಿ ಸಿಕ್ಕಿಬಿದ್ದ ನಮ್ಮ ಹುಡುಗ ಹುಡುಗಿಯರನ್ನು ತರಲು ದೆಹಲಿಯಿಂದ ಹೊರಟಿದ್ದು 747. ಮೊದಲ ಸುತ್ತಿನಲ್ಲೇ 324 ಜನ ಬಂದರು, ಮರುದಿನ ಮತ್ತೊಂದು ಸುತ್ತು. ಒಂದೇ ಏಟಿಗೆ ಅಷ್ಟು ಜನರನ್ನು ಎತ್ತಿ ತರುವುದು ಅದಕ್ಕೆ ಅಭ್ಯಾಸವಾಗಿದ್ದ ಕೆಲಸ. 1991ರಲ್ಲಿ ಇಥಿಯೋಪಿಯಾದಿಂದ ಇಸ್ರೇಲಿಗೆ ಯಹೂದ್ಯರನ್ನು ಸಾಗಿಸುವಾಗ ಒಂದೇ ಜಂಬೋ ಒಂದೇ ಸಲಕ್ಕೆ ಸಾವಿರಕ್ಕೂ ಮಿಕ್ಕಿ ಜನರನ್ನು ಹೊತ್ತಿತ್ತು. 2024ರ ಏಪ್ರಿಲ್ 22ರಂದು 'ಆಗ್ರಾ' ಎಂಬ ಹೆಸರಿನ 747 ಮುಂಬೈಯಿಂದ ಏರಿ, ರೆಕ್ಕೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಅಮೆರಿಕದ ದಾರಿ ಹಿಡಿಯಿತು. ಅಲ್ಲಿ ಬಿಚ್ಚಿ ಬಿಡಿಭಾಗ ಮಾಡುವವರಿಗೆ ಅದನ್ನು ಮಾರಲಾಗಿತ್ತು.

ಬೆಂಗಳೂರಿಗರ ಪಾಲಿಗೆ ಜಂಬೋ ಎಂದರೆ ಲುಫ್ತಾನ್ಸಾ. ಹಳೆಯ ಎಚ್‌ಎಎಲ್ ನಿಲ್ದಾಣದ ಕಾಲದಿಂದಲೂ ನಡುರಾತ್ರಿಯ ನಂತರ ಫ್ರಾಂಕ್‌ಫರ್ಟಿಗೆ ಏರುತ್ತಿದ್ದ ಆ ವಿಮಾನದಲ್ಲಿ ಒಂದು ಕಡೆ ಲ್ಯಾಪ್‌ಟಾಪಿನ ಎಂಜಿನಿಯರುಗಳು, ಇನ್ನೊಂದು ಕಡೆ ಚಟ್ನಿಪುಡಿ ಕಟ್ಟಿಕೊಂಡ ಅವರ ಅಪ್ಪ ಅಮ್ಮಂದಿರು. ಆ ಕಂಪನಿಯ ಬಳಿ ಜಂಬೋಗಳು ಇನ್ನೂ ಇವೆ. ಆಸೆಯಿರುವವರು ಫ್ರಾಂಕ್‌ಫರ್ಟಿನಿಂದ ಮುಂದಿನ ಟಿಕೆಟ್ ಮಾಡಿಸುವಾಗ ವಿಮಾನದ ಮಾದರಿ ನೋಡಿಕೊಳ್ಳಿ. ಮೇಲಿನ ಮಹಡಿ ಬಿಸಿನೆಸ್ ದರ್ಜೆಯವರದು, ಆ ಖರ್ಚು ಎಲ್ಲರಿಗೂ ಆಗುವಂಥದಲ್ಲ. ಆದರೆ ಬಾಲದ ಕಡೆ ಹೋದಂತೆ ದೇಹ ಕಿರಿದಾಗಿ, ಕೊನೆಯ ಕೆಲವು ಸಾಲುಗಳಲ್ಲಿ ಕಿಟಕಿ ಬದಿಗೆ ಮೂರರ ಬದಲು ಎರಡೇ ಸೀಟು. ಗಂಡ ಹೆಂಡತಿ ಹೊರಟಿದ್ದರೆ ಅದನ್ನೇ ಕೇಳಿ ಪಡೆಯಿರಿ. ಮೂರನೆಯವರ ಮೊಣಕೈ ಇಲ್ಲ, ಶೌಚಾಲಯವೂ ಹತ್ತಿರ.