ಎರಡೂ 50 ವ್ಯಾಟ್... ಒಂದು ಗುಡುಗಿತು, ಒಂದು ಗೊಣಗಿತು!

ರಾತ್ರಿ ಒಂಬತ್ತರ ಸುಮಾರು. ಕುರಕುಂಟಾದ ಗಣಪತಿ ಪೆಂಡಾಲಿನ ಮುಂದೆ ಕಾಲಿಡಲು ಜಾಗವಿಲ್ಲ. ಸೇಡಂ, ಮಳಖೇಡದವರಿರಲಿ, ಗಡಿಯಾಚೆಯ ತಾಂಡೂರಿನಿಂದಲೂ ಜನ ರೈಲು ಹತ್ತಿ ಬಂದಿದ್ದರು. ಸ್ಟೇಜಿನ ಮೇಲೆ ಎರಡು ಗಿಟಾರು. ಒಂದು ಹೈದರಾಬಾದಿನಿಂದ ಬಂದ ಆರ್ಕೆಸ್ಟ್ರಾದವರದು, ಇನ್ನೊಂದು ನಮ್ಮೂರ ಹುಡುಗನದು. ಶುರುವಾಯಿತು ನೋಡಿ ‘ಗೀತಾ’ ಚಿತ್ರದ ಹಾಡು! 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜ ಸಂಗೀತ ಕೊಟ್ಟ ಆ ಚಿತ್ರದ ಹಾಡಿಗೆ ಸೀಟಿ ಬೀಳದ ಊರು ಯಾವುದಿದೆ ಹೇಳಿ?

ಆದರೆ ಆದದ್ದೇ ಬೇರೆ. ಹೈದರಾಬಾದಿನವನ ಗಿಟಾರು ಪೆಂಡಾಲಿನ ಗಳ ನಡುಗಿಸಿತು. ನಮ್ಮ ಹುಡುಗನದು ಮೂರನೇ ಸಾಲಿಗೂ ಮುಟ್ಟಲಿಲ್ಲ. “ಏ, ಕೇಳವಲ್ದೋ! ಜೋರ ಬಾರ್ಸು!” ಎಂದು ಹಿಂದಿನಿಂದ ಕೂಗು. ಪಾಪ, ಗುಬಟನ್ನು ಕೊನೆಯವರೆಗೂ ತಿರುವಿದ. ಗರಗರ ಹೆಚ್ಚಿತೇ ಹೊರತು ಸದ್ದು ಹೆಚ್ಚಲಿಲ್ಲ. ಮರುದಿನ ಕಮಿಟಿಯವರು ಕರೆದು, “ಮುಂದಿನ ವರ್ಷ ನಿಂದು ಬ್ಯಾಡ ತಮ್ಮಾ” ಎಂದುಬಿಟ್ಟರು.

ಶಹಾಬಾದಿನ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಡೆ ಎರಡು ವರ್ಷ ದುಡಿದು, ಧೂಳು ಕುಡಿದು, ಉಳಿಸಿದ ಹಣದಲ್ಲಿ ತಂದ ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರ್ ಅದು. ಅದರ ಹಿಂದೆ ಬರೆದಿದೆ 50 ವ್ಯಾಟ್. ಹೈದರಾಬಾದಿನವರದ್ದರ ಹಿಂದೆಯೂ 50 ವ್ಯಾಟ್! ಇದರೊಳಗೆ ಎರಡು ಇಎಲ್ 34 ವಾಲ್ವು, ಅದರೊಳಗೂ ಅವೇ ಎರಡು. ಮತ್ತೆ ಮೋಸ ಎಲ್ಲಿ? “ಅರ್ಧ ರೇಟಿಗೆ ಕೊಟ್ಟುಬಿಡ್ತೀನಿ ಅಣ್ಣಾ” ಎಂದು ಅಳುವವನಂತೆ ನಿಂತಿದ್ದ. ಮಾರುವ ಮುಂಚೆ ಒಮ್ಮೆ ತೋರಿಸೋಣವೆಂದು ಸೇಡಂನ ಕಾಕಾನ ಅಂಗಡಿಗೆ ಹೊತ್ತುಕೊಂಡು ಹೋದೆವು.

ಕಾಕಾ ಎಂದರೆ ಸಾಮಾನ್ಯರಲ್ಲ ಸ್ವಾಮಿ! ಟೂರಿಂಗ್ ಟಾಕೀಸುಗಳ ವಾಲ್ವ್ ಸೆಟ್ಟುಗಳನ್ನು ರಿಪೇರಿ ಮಾಡಿದ ಕೈ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಿಂದ ತಯಾರಿಸತೊಡಗಿದ ವಾಲ್ವುಗಳ ಖಾಲಿ ಡಬ್ಬಿಗಳು ಇಂದಿಗೂ ಅವರ ಅಟ್ಟದ ಮೇಲಿವೆ. ಅವರು ಆಂಪ್ಲಿಫೈಯರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

“ವಾಲ್ವ್ ಬಿಡು. ಸ್ಪೀಕರ್ ಯಾವುದು ಅದ, ಅದನ್ನ ಹೇಳು” ಎಂದರು.

ಅಲ್ಲೇ ಇತ್ತು ಗುಟ್ಟು!

ವ್ಯಾಟ್ ಅನ್ನುವುದು ಆಂಪ್ಲಿಫೈಯರ್ ಸ್ಪೀಕರಿಗೆ ಕೊಡುವ ಕರೆಂಟಿನ ಲೆಕ್ಕ. ನಮ್ಮ ಕಿವಿಗೆ ಬರುವುದು ಕರೆಂಟಲ್ಲ, ಸದ್ದು. ಗಿಟಾರಿನ ಸ್ಪೀಕರ್ ತನಗೆ ಬಂದ ಕರೆಂಟಿನಲ್ಲಿ ನೂರಕ್ಕೆ ಒಂದೆರಡರಿಂದ ಐದಾರು ಪಾಲನ್ನು ಮಾತ್ರ ಸದ್ದಾಗಿ ಮಾಡುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಯಾವ ಸ್ಪೀಕರ್ ಎಷ್ಟು ಚುರುಕು ಎಂದು ಅಳೆಯಲು ಒಂದು ಕ್ರಮವಿದೆ. ಒಂದೇ ಒಂದು ವ್ಯಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂದು ನೋಡುವುದು. ಹುಡುಗನ ಡಬ್ಬಿಯೊಳಗೆ ಇದ್ದದ್ದು ಗಿಟಾರಿನ ಸ್ಪೀಕರೇ ಅಲ್ಲ! ಹಳೆಯದನ್ನು ತೆಗೆದು ಯಾರೋ ಡಿಜೆ ಬಾಕ್ಸಿನ ಊಫರ್ ಕೂಡಿಸಿದ್ದರು. ಮೊಬೈಲಿನಲ್ಲಿ ಅದರ ನಂಬರ್ ಹಾಕಿ ನೋಡಿದರೆ 94 ಡೆಸಿಬೆಲ್. ಹೈದರಾಬಾದಿನವರ ಬಾಕ್ಸಿನ ಹಿಂಭಾಗದ ಫೋಟೋವನ್ನು ಹುಡುಗ ಹೊಟ್ಟೆಕಿಚ್ಚಿನಿಂದಲೇ ತೆಗೆದಿಟ್ಟುಕೊಂಡಿದ್ದ. ಅದರಲ್ಲಿ ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರು, 100 ಡೆಸಿಬೆಲ್. ಅದೂ ಎರಡೆರಡು.

ಆರೇ ಡೆಸಿಬೆಲ್ ತಾನೇ ಅನ್ನಬೇಡಿ. ಇಲ್ಲಿಯ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕವಲ್ಲ. ವ್ಯಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆರು ಹೆಚ್ಚಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಅಂದರೆ ನಮ್ಮ ಹುಡುಗ 50 ವ್ಯಾಟ್ ಸುರಿದು ತೆಗೆದ ಸದ್ದನ್ನು ಆ ಸ್ಪೀಕರು ಹನ್ನೆರಡೂವರೆ ವ್ಯಾಟಿನಲ್ಲೇ ತೆಗೆಯುತ್ತದೆ! ಜೊತೆಗೆ ಎರಡು ಸ್ಪೀಕರು ಒಟ್ಟಿಗೆ ಗಾಳಿ ತಳ್ಳಿದರೆ, ಅದೇ ವ್ಯಾಟಿನಲ್ಲಿ ಮತ್ತೆ 3 ಡೆಸಿಬೆಲ್‌ವರೆಗೂ ಲಾಭ. ಕಿವಿಗೆ ಸದ್ದು ‘ಎರಡು ಪಟ್ಟು’ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟು. 50ರ ಬದಲು 100 ವ್ಯಾಟಿನದು ತಂದರೆ ಡಬ್ಬಲ್ ಸದ್ದು ಅಂದುಕೊಂಡವರು ದುಡ್ಡು ಕಳಕೊಂಡಂತೆಯೇ.

ಇಂಗ್ಲೆಂಡಿನ ‘ದಿ ಹೂ’ ತಂಡದ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಕಥೆ ಗೊತ್ತೇ? 1965ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಬಳಿ ಹೋಗಿ, ಇನ್ನೂ ಜೋರು ಬೇಕೆಂದು ಹಟ ಹಿಡಿದು 100 ವ್ಯಾಟಿನದು ಮಾಡಿಸಿದ. ಆದರೆ ಬರೀ ವ್ಯಾಟ್ ಕೇಳಿ ಸುಮ್ಮನಾಗಲಿಲ್ಲ ಆಸಾಮಿ, ಎಂಟು ಸ್ಪೀಕರಿನ ಬಾಕ್ಸನ್ನೂ ಕೇಳಿದ! ಅದು ಹೊರಲಾಗದಷ್ಟು ಭಾರವಾಗಿ, ಕೊನೆಗೆ ನಾಲ್ಕು ನಾಲ್ಕರ ಎರಡು ಬಾಕ್ಸುಗಳಾದವು. ಇಂದಿಗೂ ರಾಕ್ ಸ್ಟೇಜುಗಳ ಮೇಲೆ ಒಂದರ ಮೇಲೊಂದು ಗೋಡೆಯಂತೆ ನಿಲ್ಲುವುದು ಅವೇ.

“ನಮ್ಮ ಟಾಕೀಸಿನ್ಯಾಗ ಇಷ್ಟ್ ವ್ಯಾಟ್ ಎಲ್ಲಿತ್ತೋ?” ಎಂದು ಕಾಕಾ ನಕ್ಕರು. ಖರೇನೇ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಆ ಕಾಲದ ಚಿತ್ರಮಂದಿರಗಳು ಇಂದು ಮನೆಯ ಹೋಂ ಥಿಯೇಟರಿನ ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ಎಷ್ಟೋ ಕಡಿಮೆ ವ್ಯಾಟಿನಲ್ಲಿ ಇಡೀ ಹಾಲಿಗೆ ಡೈಲಾಗ್ ಕೇಳಿಸುತ್ತಿದ್ದವು. ಅದಕ್ಕೆ ಕಾರಣ ಹಾರ್ನ್. ತುತ್ತೂರಿಯಂಥ ಬಾಯಿ ಕೊಟ್ಟರೆ, ಅದೇ ಕರೆಂಟಿನಿಂದ ಬಹಳ ಹೆಚ್ಚು ಸದ್ದು ಹೊರಬರುತ್ತದೆ. ಮದುವೆ ಮನೆಯ ಮರಕ್ಕೆ ಕಟ್ಟಿದ ಹಾರ್ನು ಪಕ್ಕದ ಊರಿನ ಹೊಲದವರೆಗೆ ಕೇಳಿಸುವುದೂ ಇದೇ ಕಾರಣಕ್ಕೆ. (ಇಂಪಾಗಿ ಕೇಳಿಸುತ್ತದೆಯೇ ಅನ್ನುವುದು ಬೇರೆ ಮಾತು ಬಿಡಿ!)

ಇನ್ನು 50 ವ್ಯಾಟ್ ಎಂದು ಬರೆದದ್ದಾದರೂ ನಿಜವೇ? ಅದೂ ಬರೆದವರ ಮರ್ಜಿ. ಸದ್ದು ಒಡೆಯದೆ ಶುದ್ಧವಾಗಿ ಬರುವವರೆಗೆ ಮಾತ್ರ ಅಳೆದು ಬರೆಯುವವರಿದ್ದಾರೆ. ಗರಗರ ಅನ್ನುವವರೆಗೆ ತಿರುವಿ ಅಳೆಯುವವರೂ ಇದ್ದಾರೆ. ಪೂರ್ತಿ ಒಡೆದ ಸದ್ದಿನಲ್ಲಿ ಶುದ್ಧ ಸದ್ದಿನ ಎರಡು ಪಟ್ಟಿನ ಹತ್ತಿರದವರೆಗೂ ವ್ಯಾಟ್ ಹೋಗಬಹುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಣ್ಣದಿದ್ದರೆ, ವಾಲ್ವು ಸವೆದಿದ್ದರೆ, ಬರೆದಷ್ಟೂ ಬರುವುದಿಲ್ಲ.

ಕಾಕಾ ಮುಂದೆ ಕೇಳಿದ್ದು, “ಅವತ್ತು ಕರೆಂಟ್ ಎಲ್ಲಿಂದ ಎಳ್ಕೊಂಡಿದ್ದಿ?” ಎಂದು. ಹುಡುಗ ತಲೆ ತಗ್ಗಿಸಿದ. ಪೆಂಡಾಲಿನ ಸೀರಿಯಲ್ ಲೈಟಿನ ವೈರಿನ ಕೊನೆಯಿಂದಂತೆ! ಹೈದರಾಬಾದಿನವರು ತಮ್ಮ ಜನರೇಟರು ತಂದಿದ್ದರು. 230 ವೋಲ್ಟ್ ಬರಬೇಕಾದ ಕಡೆ 185 ಬಂದರೆ, ಸಾದಾ ವಾಲ್ವ್ ಆಂಪ್ಲಿಫೈಯರಿನ ಒಳಗಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶಕ್ತಿಯಲ್ಲಿ ಮೂರನೇ ಒಂದು ಪಾಲು ಮಾಯ! ಅಂದರೆ ಸುಮಾರು 2 ಡೆಸಿಬೆಲ್. ಅವತ್ತು ಎಷ್ಟಿತ್ತೆಂದು ಯಾರೂ ಮೀಟರ್ ಹಿಡಿದಿರಲಿಲ್ಲ, ಆದರೆ ಹಬ್ಬದ ರಾತ್ರಿ ನಮ್ಮ ಕಡೆ ಟ್ಯೂಬ್‌ಲೈಟ್ ಮಿಣಮಿಣ ಅನ್ನುವುದು ಯಾರಿಗೆ ಗೊತ್ತಿಲ್ಲ?

ಕಾಕಾ ಕೊನೆಗೆ ಗುಬಟುಗಳ ಕಡೆ ಬೆರಳು ಮಾಡಿದರು. ಬಾಸ್ ಪೂರ್ತಿ, ಟ್ರೆಬಲ್ ಪೂರ್ತಿ, ಮಿಡಲ್ ಸೊನ್ನೆ! ಒಬ್ಬನೇ ಮನೆಯಲ್ಲಿ ಬಾರಿಸುವಾಗ ಇದು ಬಹಳ ಚೆಂದ ಕೇಳಿಸುತ್ತದೆ, ಒಪ್ಪೋಣ. ಆದರೆ ಸ್ಟೇಜಿನ ಮೇಲೆ ಆ ಬಾಸನ್ನು ಡ್ರಮ್ಮು, ಕೀಬೋರ್ಡು ನುಂಗಿಬಿಡುತ್ತವೆ. ಮನುಷ್ಯನ ಕಿವಿ ಎಲ್ಲ ಸ್ವರಕ್ಕೂ ಒಂದೇ ರೀತಿ ತೆರೆಯುವುದಿಲ್ಲವೆಂದು 1933ರಲ್ಲೇ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. 2000ದಿಂದ 5000 ಹರ್ಟ್ಸ್ ನಡುವೆ ಅದು ಬಹಳ ಚುರುಕು. ಮಿಡಲ್ ಎತ್ತಿದರೆ ಗುಂಪಿನ ನಡುವೆಯೂ ಗಿಟಾರು ಎದ್ದು ಕೇಳುತ್ತದೆ, ವ್ಯಾಟ್ ಒಂದೂ ಹೆಚ್ಚದೆ. ಫೆಂಡರ್ ಜಾತಿಯವು ಮಿಡಲ್ ಹಿಂದಕ್ಕೆಳೆದ ಸ್ವಭಾವದವು, ಮಾರ್ಷಲ್ ಜಾತಿಯವು ಮುಂದೆ ತಳ್ಳುವಂಥವು. ಒಂದೇ ವ್ಯಾಟಿನ ಎರಡರಲ್ಲಿ ಒಂದು ಜೋರೆನಿಸಲು ಅಷ್ಟೂ ಸಾಕು.

ಆಮೇಲೆ ಕಾಕಾ ಅಟ್ಟ ಹತ್ತಿ, ಎಂದೋ ಮುಚ್ಚಿದ ಚಿತ್ರಮಂದಿರದ ಹಳೆಯ ಸ್ಪೀಕರೊಂದನ್ನು ಇಳಿಸಿದರು. ಮೊದಲು ಆಂಪ್ಲಿಫೈಯರ್ ಆಫ್ ಮಾಡಿದರು. ವಾಲ್ವ್ ಸೆಟ್ಟನ್ನು ಸ್ಪೀಕರಿಲ್ಲದೆ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಮರೆಯಬೇಡಿ. ಎರಡೂ ಕಡೆಯ ಓಮ್ ಸರಿಯಿದೆಯೇ ನೋಡಿ ವೈರ್ ಕೂಡಿಸಿ, ಮಿಡಲ್ ಎತ್ತಿ, “ಹ್ಞಾ, ಬಾರ್ಸು” ಎಂದರು. ವಾಲ್ಯೂಮು ಮೂರರ ಮೇಲಿತ್ತು ಅಷ್ಟೇ. ಎದುರಿನ ಚಹಾ ಹೋಟೆಲಿನವನು ಕೈಯಲ್ಲಿ ಕಿಟ್ಲಿ ಹಿಡಿದೇ ಹೊರಗೆ ಬಂದ!

ಹುಡುಗ ಆಂಪ್ಲಿಫೈಯರ್ ಮಾರಲಿಲ್ಲ. 100 ಡೆಸಿಬೆಲ್ಲಿನ ಸ್ಪೀಕರು ಒಂದಕ್ಕೆ ಕಂತಿನ ಮೇಲೆ ದುಡ್ಡು ಕಟ್ಟುತ್ತಿದ್ದಾನೆ. ಪಾಲಿಶ್ ಕೆಲಸ ಮತ್ತೆ ಡಬ್ಬಲ್ ಪಾಳಿ. ಗಣಪತಿ ಕಮಿಟಿಯವರಿಗೆ ಇನ್ನೂ ಏನೂ ಹೇಳಿಲ್ಲ.